ಅಕ್ಕಮ್ಮನಿಗೆ ಸೂರು ಕಟ್ಟಿದ ವರ್ಷ

ಹೋದ ತಿಂಗಳು ಬಿಟಿಎಂ ಲೇಔಟಿನಲ್ಲಿ ನಮ್ಮ ಶಾಲೆಯ ಟೀಚರೊಬ್ಬರ ಗೃಹಪ್ರವೇಶವಿತ್ತು. ಹೋಮಕ್ಕೆ ಮುಂಚೆ ಗಂಗೆ ಪೂಜೆ ಆಗಬೇಕು ಎಂದು ಪುರೋಹಿತರು ನಮ್ಮನ್ನೆಲ್ಲ ಕೆಳಗೆ ಕರೆದುಕೊಂಡು ಹೋದರು. ಬಾವಿಯಿಲ್ಲ, ಕೆರೆಯಿಲ್ಲ, ಸಂಪಿನ ಪಕ್ಕದ ನಲ್ಲಿಗೇ ಅರಿಶಿನ ಕುಂಕುಮ ಹಚ್ಚಿ ಹೂ ಮುಡಿಸಿದ್ದರು. ತಿರುಗಿಸಿದರೆ ನೀರು ಬರಲಿಲ್ಲ. ವಾಚ್‌ಮನ್ ಓಡಿಹೋಗಿ ಕುಡಿಯುವ ನೀರಿನ ಕ್ಯಾನ್ ತಂದು ಬಿಂದಿಗೆಗೆ ಬಗ್ಗಿಸಿದ. "ಪರ್ವಾಗಿಲ್ಲಮ್ಮ, ಮಂತ್ರ ಹೇಳಿದ್ರೆ ಅದೂ ಗಂಗೇನೇ" ಎಂದು ಪುರೋಹಿತರು ನಕ್ಕರು. ಎಲ್ಲರೂ ನಕ್ಕರು. ಚೆಲ್ಲಿದ ನೀರು ಹೊಸ ಸಿಮೆಂಟಿನ ಮೇಲೆ ಹರಡಿ, ಅರಿಶಿನ ಬೆರೆತು, ಒಂದು ವಾಸನೆ ಎದ್ದಿತು. ಒದ್ದೆ ಸಿಮೆಂಟು, ಹಸಿ ಅರಿಶಿನ. ನನಗೆ ನಗು ಬರಲಿಲ್ಲ. ಆ ವಾಸನೆ ಮೂಗಿಗೆ ಬಿದ್ದರೆ ನನಗೆ ದೊಡ್ಡಮ್ಮನ ಊರಿನಲ್ಲಿ ಕಳೆದ ಆ ವರ್ಷ ಪೂರ್ತಿ ನೆನಪಾಗುತ್ತದೆ.

ಬನಶಂಕರಿಯ ನಮ್ಮ ಹಳೇ ಮನೆ ಒಡೆದು ಕಟ್ಟಿಸುತ್ತಿದ್ದ ವರ್ಷ ಅದು. ಶಿವರಾತ್ರಿ ಮುಗಿದ ಮೇಲೆ ನಾನೂ ನಮ್ಮ ಯಜಮಾನರೂ ಸಾಮಾನು ಕಟ್ಟಿಕೊಂಡು ತಲಘಟ್ಟಪುರದ ಆಚೆಯ ನಮ್ಮಪ್ಪನ ಊರಿಗೆ ಬಾಡಿಗೆಗೆ ಹೋದೆವು. ಊರು ಎಂದೆ; ಈಗ ಅದು ಊರಲ್ಲ. ಕನಕಪುರ ರಸ್ತೆಯಿಂದ ಒಳಗೆ ತಿರುಗಿದರೆ ಅಪಾರ್ಟ್‌ಮೆಂಟು, ಪಿ.ಜಿ., ಟೈಲ್ಸ್ ಅಂಗಡಿ, ಮತ್ತೆ ಅಪಾರ್ಟ್‌ಮೆಂಟು. ರಾಗಿ ಬೆಳೆಯುತ್ತಿದ್ದವರ ಮಕ್ಕಳೆಲ್ಲ ಬಾಡಿಗೆ ಎಣಿಸುವವರಾಗಿದ್ದರು. ನನ್ನ ದೊಡ್ಡಪ್ಪನ ಮಗ ಮಂಜಣ್ಣನೂ ಹಾಗೆಯೇ. ಹಳ್ಳದ ಅಂಚಿಗೆ ಅವನದೊಂದು ಬಿಲ್ಡಿಂಗು. ಕೆಳಗೆ ಗಾಡಿ ನಿಲ್ಲಿಸಲು ಬೇಸ್‌ಮೆಂಟು, ನೆಲಮಹಡಿಯಲ್ಲಿ ಅವರ ಮನೆ, ಮೊದಲ ಮಹಡಿ ನಮಗೆ, ಅದರ ಮೇಲಿನದೆಲ್ಲ ಕೆಲಸಕ್ಕೆ ಹೋಗುವ ಹುಡುಗಿಯರ ಪಿ.ಜಿ.

ಆ ಮನೆಯ ಹಿರಿಯಳು ಮಂಜಣ್ಣನ ತಾಯಿ, ನನ್ನ ದೊಡ್ಡಮ್ಮ. ಮುನಿತಾಯಮ್ಮ ಅಂತ ಹೆಸರು. ಗಂಡ ಸತ್ತ ಮೇಲೂ ಕೈತುಂಬ ಬಳೆ ಹಾಕಿಕೊಂಡೇ ಇದ್ದಳು. ಯಾರಾದರೂ ಕೇಳಿದರೆ, "ಅಕ್ಕಮ್ಮನ ಪೂಜೆ ಮಾಡೋಳು ನಾನು. ಬರೀ ಕೈಯಲ್ಲಿ ಹೋಗಾಕಾಯ್ತದಾ?" ಅನ್ನುತ್ತಿದ್ದಳು.

ಅಕ್ಕಮ್ಮ ಎಂದರೆ ಏಳು ಕಲ್ಲುಗಳು. ಏಳು ಜನ ಅಕ್ಕತಂಗಿಯರು, ನೀರಿನ ದೇವತೆಗಳು. ಮಂಜಣ್ಣನ ಬಿಲ್ಡಿಂಗಿನಿಂದ ಸ್ವಲ್ಪ ಮೇಲಕ್ಕೆ, ಹೊಂಗೆ ಮರಗಳ ಗುಂಪಿನ ಕೆಳಗೆ, ಬಂಡೆಯ ಸಂದಿಯಲ್ಲಿ ಒಂದು ಒರತೆಯಿತ್ತು. ಊರವರು ಅದನ್ನು ಅಕ್ಕಮ್ಮನ ಕಣ್ಣು ಎನ್ನುತ್ತಿದ್ದರು. ಅದರ ಸುತ್ತ ಕಲ್ಲುಗಳು ಸಾಲಾಗಿ ಕುಳಿತಿದ್ದವು. ಅಲ್ಲಿಂದ ಹೊರಟ ನೀರು ಸಣ್ಣ ಕಾಲುವೆಯಾಗಿ ಹರಿದು ಹಳ್ಳ ಸೇರುತ್ತಿತ್ತು. ಹಳ್ಳ ಅರ್ಕಾವತಿಗೆ, ಅರ್ಕಾವತಿ ಸಂಗಮದಲ್ಲಿ ಕಾವೇರಿಗೆ. "ಕಾವೇರಮ್ಮನ ಮನೆಗೆ ನಮ್ಮೂರಿಂದಲೂ ಒಂದು ಬಿಂದಿಗೆ ಹೋಯ್ತದೆ" ಎಂದು ದೊಡ್ಡಮ್ಮ ಹೆಮ್ಮೆಯಿಂದ ಹೇಳುತ್ತಿದ್ದಳು.

ಹಳ್ಳ ಆಗಲೇ ಕೆಟ್ಟಿತ್ತು. ಮೇಲಿನ ಲೇಔಟುಗಳ ಕೊಳಚೆಯೆಲ್ಲ ಅದಕ್ಕೇ ಬರುತ್ತಿತ್ತು. ಕಪ್ಪು ನೀರು, ನೊರೆ, ತೇಲುವ ಥರ್ಮೋಕೋಲು. ನಾನು ಲಂಗ ಎತ್ತಿಕೊಂಡು ದಾಟುತ್ತಿದ್ದ ಹಳ್ಳವನ್ನು ಈಗ ಎಲ್ಲರೂ ಮೋರಿ ಎಂದೇ ಕರೆಯುತ್ತಿದ್ದರು. ಆದರೆ ಅಕ್ಕಮ್ಮನ ಕಾಲುವೆ ಮಾತ್ರ ಕನ್ನಡಿಯ ಹಾಗಿತ್ತು. ತಳದ ಮರಳು ಕಾಣುತ್ತಿತ್ತು, ಬೆರಳುದ್ದದ ಮೀನುಗಳು ಕಾಣುತ್ತಿದ್ದವು.

ಅದನ್ನು ಕಾದದ್ದು ಯಾವ ಇಲಾಖೆಯೂ ಅಲ್ಲ. ಅಲ್ಲಿ ಚಪ್ಪಲಿ ಹಾಕುವಂತಿಲ್ಲ, ಸೋಪು ಮುಟ್ಟಿಸುವಂತಿಲ್ಲ, ಉಗುಳುವಂತಿಲ್ಲ. ಮೀನು ಹಿಡಿಯುವಂತಿಲ್ಲ. ಹೊಂಗೆಯ ಒಣಗಿದ ಕೊಂಬೆಯನ್ನೂ ಮನೆಗೆ ಒಯ್ಯುವಂತಿಲ್ಲ. ಯುಗಾದಿ ಕಳೆದ ಮೇಲೆ ಊರಿನ ಹಳೇ ಮನೆಗಳಿಂದ ಒಬ್ಬೊಬ್ಬರು ಬಂದು ಒರತೆಯ ಹೂಳನ್ನು ಕೈಯಿಂದಲೇ ತೆಗೆಯಬೇಕು. ಬಾಣಂತಿ ಮೊದಲ ಸಲ ಹೊರಗೆ ಬಂದರೆ ಅಲ್ಲಿಗೆ ಹೋಗಿ ನೀರಿಗೆ ಪೂಜೆ ಮಾಡಿಯೇ ಉಳಿದ ಕಡೆ ಹೋಗಬೇಕು. ಎಲ್ಲಕ್ಕಿಂತ ದೊಡ್ಡ ಕಟ್ಟಳೆ ಎಂದರೆ, ಅಕ್ಕಮ್ಮನಿಗೆ ಸೂರು ಕೂಡದು. ಅವಳು ಆಕಾಶ ನೋಡುತ್ತಿರಬೇಕು, ಇಲ್ಲದಿದ್ದರೆ ಮಳೆಗೆ ದಾರಿ ತಿಳಿಯುವುದಿಲ್ಲ. ಸರ್ವೆ ಕಲ್ಲನ್ನೇ ಕಿತ್ತು ಆಚೆ ನೆಟ್ಟ ಗಟ್ಟಿಗರು ಕೂಡ ಆ ಹೊಂಗೆ ನೆರಳಿಗೆ ಬಂದರೆ ಚಪ್ಪಲಿ ಬಿಟ್ಟು ಕೈಮುಗಿಯುತ್ತಿದ್ದರು. ನಾನು ಜಯನಗರದ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು. ಆ ಕಟ್ಟಳೆಗಳನ್ನು ನಾನು ನಂಬುತ್ತಿರಲಿಲ್ಲ. ಆದರೆ ನೀರನ್ನು ಕಣ್ಣಾರೆ ನೋಡುತ್ತಿದ್ದೆನಲ್ಲ.

ಆ ಬೇಸಿಗೆ ಕೆಟ್ಟದಾಗಿತ್ತು. ಸುತ್ತಲಿನ ಬೋರ್‌ವೆಲ್‌ಗಳೆಲ್ಲ ಒಂದೊಂದಾಗಿ ಒಣಗಿದವು. ಟ್ಯಾಂಕರಿಗಾಗಿ ಜನ ಜಗಳವಾಡಿದರು. ಪಿ.ಜಿ. ಹುಡುಗಿಯರು ತಲೆಗೆ ನೀರು ಹಾಕಿಕೊಳ್ಳಲು ಭಾನುವಾರ ಕಾಯುತ್ತಿದ್ದರು. ಹೀಗಿರುವಾಗ ಒಬ್ಬ ಟ್ಯಾಂಕರ್ ಮಾಲೀಕ ಮಂಜಣ್ಣನನ್ನು ಹುಡುಕಿಕೊಂಡು ಬಂದ. ನಾನು ಮೆಟ್ಟಿಲ ಮೇಲೆ ನಿಂತು ಕೇಳಿಸಿಕೊಂಡೆ.

"ಒಂದು ಮೋಟ್ರು ಇಳ್ಸೋಣ ಅಣ್ಣ. ಸುಮ್ನೆ ಮೋರಿಗೆ ಹೋಗ್ತಿದೆ. ಇಬ್ರಿಗೂ ಲಾಭ."

ಮಂಜಣ್ಣ ಎದ್ದು ನಿಂತ. "ಗುರು, ಟೀ ಕುಡ್ದಿದ್ದೀಯ, ಎದ್ದೋಗು. ಅದು ಅಕ್ಕಮ್ಮನ ನೀರು. ನಮ್ಮಪ್ಪ ಮಾರ್ಲಿಲ್ಲ, ನಾನು ಮಾರ್ತೀನಾ?"

ಆ ಮನುಷ್ಯ ಪೊಲೀಸರಿಗೂ ಹೆದರದವನು ಎಂದು ಊರಿನಲ್ಲಿ ಹೆಸರಿತ್ತು. ಹೋಗುವಾಗ ಹೊಂಗೆ ಮರದ ಕಡೆ ತಿರುಗಿ ಕೆನ್ನೆ ಕೆನ್ನೆ ಬಡಿದುಕೊಂಡು ಹೋದ. ಮತ್ತೆ ಬರಲಿಲ್ಲ. ಆ ದಿನ ನನ್ನ ಅಣ್ಣನ ಬಗ್ಗೆ ನನಗೆ ತುಂಬ ಅಭಿಮಾನವೆನಿಸಿತು. ಇದನ್ನು ಹೇಳುವುದಕ್ಕೆ ಕಾರಣವಿದೆ. ಮುಂದೆ ಆದದ್ದನ್ನು ಕೇಳಿದವರು ಅವನನ್ನು ದುಡ್ಡಿನ ಮನುಷ್ಯ ಎಂದುಕೊಳ್ಳಬಾರದು.

ಮುಂಗಾರು ಬಂತು. ಮಳೆಯ ಜೊತೆ ಡೆಂಗಿಯೂ ಬಂತು. ಮಂಜಣ್ಣನ ಒಬ್ಬಳೇ ಮಗಳು ಸಿಂಚನಾ, ಆಗ ಪಿಯುಸಿ ಓದುತ್ತಿದ್ದಳು, ಜ್ವರ ಎಂದು ಮಲಗಿದವಳು ಏಳಲಾರದಾದಳು. ಆಸ್ಪತ್ರೆಗೆ ಸೇರಿಸಿದರು. ಪ್ಲೇಟ್‌ಲೆಟ್ ದಿನದಿನವೂ ಇಳಿಯುತ್ತಿತ್ತು. ಐಸಿಯು ಹೊರಗಿನ ಕುರ್ಚಿಯಲ್ಲಿ ಮಂಜಣ್ಣ ಬನಿಯನ್ ಮೇಲೆ ಟವೆಲ್ ಹೊದ್ದುಕೊಂಡು ಕುಳಿತಿದ್ದ. ಅಂಗಿ ಹಾಕಿಕೊಂಡು ಬರಲೂ ಅವನಿಗೆ ನೆನಪಿರಲಿಲ್ಲ. ಅಲ್ಲಿ ಕುಳಿತೇ ಅವನು ಹರಕೆ ಹೊತ್ತ. ಮಗಳು ಎದ್ದು ಬಂದರೆ ಅಕ್ಕಮ್ಮನಿಗೆ ಗುಡಿ ಕಟ್ಟಿಸುತ್ತೇನೆ ಎಂದು.

ಮಗಳು ಎದ್ದು ಬಂದಳು. ಕಡ್ಡಿಯಂತಾಗಿದ್ದಳು, ಆದರೆ ಬಂದಳು. ದೊಡ್ಡಮ್ಮ ಅವಳನ್ನು ಆಟೋದಿಂದ ಇಳಿಸಿ ಮನೆಯೊಳಗೂ ಬಿಡದೆ ನೇರ ಒರತೆಗೆ ಕರೆದುಕೊಂಡು ಹೋಗಿ ಮುಖ ತೊಳೆಸಿದಳು.

ಹರಕೆಯ ವಿಷಯ ಹೊರಬಿದ್ದದ್ದು ಅದೇ ದಿನ ಊಟದ ಹೊತ್ತಿನಲ್ಲಿ.

"ಆರ್‌ಸಿಸಿ ಗುಡಿ ಅಮ್ಮ. ಗ್ರಾನೈಟ್ ನೆಲ. ಮುಂದಗಡೆ ಒಂದು ಸಣ್ಣ ಗೋಪುರ. ಸುತ್ತ ಗ್ರಿಲ್ಲು. ಊರೋರೆಲ್ಲ ಸೇರ್ಕೊಂಡ್ರೆ ಸಖತ್ತಾಗಿ ಆಗುತ್ತೆ."

ದೊಡ್ಡಮ್ಮ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿದಳು. "ಅವಳು ಮನೆ ಕೇಳಿದ್ಲೇನ್ಲಾ ಮಂಜ?"

"ಕೇಳ್ದೆ ಕೊಟ್ಟೋಳಿಗೆ ಕೇಳಿಸ್ಕೊಂಡು ಕೊಡ್ಬೇಕಾ?" ಅವನು ತಟ್ಟೆ ಸರಿಸಿದ. "ನನ್ ಮಗಳನ್ನ ವಾಪಸ್ ಕೊಟ್ಟವ್ಳೆ. ಅವಳನ್ನ ಬಿಸ್ಲು ಮಳೇಲಿ ಬಿಟ್ಟು ನಾನು ಮಾರ್ಬಲ್ ಮೇಲೆ ಮಲಗ್ಲಾ? ಹೇಳು ನೀನೇ."

ಸಂಜೆ ನಾನು ಅವನ ಹತ್ತಿರ ಹೋಗಿ ನನಗೆ ತಿಳಿದದ್ದನ್ನು ಹೇಳಿದೆ. ಬಂಡೆಯ ಸಂದಿಯ ಮೇಲೆ ಅಷ್ಟು ಭಾರ ಬಿದ್ದರೆ, ಸುತ್ತ ಕಾಂಕ್ರೀಟು ತುಂಬಿದರೆ, ಒರತೆಯ ದಾರಿ ಕಟ್ಟಿಹೋಗಬಹುದು, ಮಳೆನೀರು ಇಂಗುವ ಜಾಗವೇ ಇರುವುದಿಲ್ಲ ಎಂದೆ. ಅವನು ಸಮಾಧಾನದಿಂದಲೇ ಕೇಳಿಸಿಕೊಂಡ. "ಸುಮಿ, ಕಣ್ಣಿನ ಜಾಗದಲ್ಲಿ ಚೌಕ ಬಿಡ್ಸಿ ಪೈಪ್ ಹಾಕ್ತೀವಿ ಕಣಮ್ಮ. ನಾನೇನು ನೀರು ನಿಲ್ಸ್ತೀನಾ? ಅವಳ ಕಣ್ಣಿಗೆ ಚಿನ್ನದ ರೆಪ್ಪೆ ಮಾಡಿಸ್ತಿದ್ದೀನಿ" ಎಂದ. ಅವನು ಅದನ್ನು ನಂಬಿಯೇ ಹೇಳಿದ.

ಕೊನೆಗೆ ದೊಡ್ಡಮ್ಮನೇ ಒಂದು ಮಾತು ಹೇಳಿದಳು: "ಅವಳನ್ನೇ ಕೇಳಾಣ."

ಅಪ್ಪಣೆ ಕೇಳುವುದು ಅಲ್ಲಿಯ ಹಳೇ ಪದ್ಧತಿ. ಹಿರಿಯಕ್ಕನ ಕಲ್ಲಿನ ಎರಡು ಭುಜಗಳಿಗೆ ಒದ್ದೆ ಮಾಡಿದ ಕಣಗಿಲೆ ಹೂವನ್ನು ಅಂಟಿಸಿ ಪ್ರಶ್ನೆ ಕೇಳಬೇಕು. ಬಲಗಡೆಯ ಹೂ ಮೊದಲು ಬಿದ್ದರೆ ಆಗಲಿ ಎಂದು ಅರ್ಥ, ಎಡಗಡೆಯದು ಬಿದ್ದರೆ ಬೇಡ ಎಂದು. ಹೂ ಅಂಟಿಸುವ ಹಕ್ಕು ದೊಡ್ಡಮ್ಮನದು. ಹಿಂದಿನ ದಿನ ನಮ್ಮ ಯಜಮಾನರು ಕಾಫಿ ಕುಡಿಯುತ್ತ ತಮಾಷೆಗೆಂದರೋ ನಿಜಕ್ಕೆಂದರೋ, "ದೊಡ್ಡಮ್ಮ, ಎಡಗಡೆ ಹೂವಿಗೆ ನೀರು ಸ್ವಲ್ಪ ಕಮ್ಮಿ ಹಚ್ಚಿದ್ರೆ ಮುಗೀತಲ್ಲ" ಎಂದರು. ದೊಡ್ಡಮ್ಮ ಲೋಟ ಕೆಳಗಿಟ್ಟು ಅವರ ಕಡೆ ತಿರುಗಿದಳು.

"ಹಂಗೆ ಮಾಡ್ದೆ ಅನ್ಕೊಳಿ ಅಳಿಯಂದ್ರೆ. ನಾಳಿಂದ ಅವಳ ಮುಂದೆ ಹೋಗಿ ನಾನು ಏನಂತ ದೀಪ ಹಚ್ಲಿ? ನನ್ ಮಾತನ್ನ ಅವಳ ಬಾಯಲ್ಲಿ ಹಾಕಿದ್ ಮೇಲೆ ಅಲ್ಲಿರಾದು ಬರೀ ಕಲ್ಲು. ಕಲ್ಲಿಗ್ಯಾರು ಹೆದರ್ತಾರೆ?"

ಶ್ರಾವಣದ ಶುಕ್ರವಾರ ಬೆಳಗ್ಗೆ ಊರು ಸೇರಿತು. ಹಳೇ ಮನೆಗಳವರೆಲ್ಲ ಬಂದಿದ್ದರು. ಜಿನುಗು ಮಳೆ. ದೊಡ್ಡಮ್ಮ ಒರತೆಯಲ್ಲಿ ಮಿಂದು ಒದ್ದೆ ಸೀರೆಯಲ್ಲೇ ಹೂ ಅಂಟಿಸಿ ಹಿಂದೆ ಸರಿದು ಕೈಮುಗಿದಳು. ಮಂಜಣ್ಣ ಕೇಳಿದ: "ತಾಯಿ, ನಿನಗೊಂದು ಮನೆ ಕಟ್ಲಾ?" ಹೊಂಗೆ ಎಲೆಯಿಂದ ನೀರು ತೊಟ್ಟಿಕ್ಕುವುದು ಕೇಳುತ್ತಿತ್ತು. ಎಡಗಡೆಯ ಹೂ ಸ್ವಲ್ಪ ಜಾರಿತು. ಅದು ಅಲ್ಲೇ ನಿಂತಿತು. ಬಲಗಡೆಯದು ಕಳಚಿ ನೀರಿಗೆ ಬಿತ್ತು.

ಮಂಜಣ್ಣ ನೆಲಕ್ಕೆ ಬಿದ್ದು ಅತ್ತ. ಜನ ಜೈಕಾರ ಹಾಕಿದರು. ದೊಡ್ಡಮ್ಮ ಆ ಹೂವನ್ನು ನೀರಿನಿಂದ ಎತ್ತಿ ಕಣ್ಣಿಗೊತ್ತಿಕೊಂಡು ಮಗನ ಕೈಗೆ ಕೊಟ್ಟಳು. ಅವಳ ಮುಖದಲ್ಲಿ ಏನೂ ಕಾಣಲಿಲ್ಲ. ನನಗೆ ಅವಳ ಮೇಲೆ, ಆ ಹೂವಿನ ಮೇಲೆ, ಕಲ್ಲಿನ ಮೇಲೆ ಎಲ್ಲದರ ಮೇಲೂ ಸಿಟ್ಟು ಬಂತು. ಟ್ಯಾಂಕರಿನವನನ್ನು ಓಡಿಸಿದ ನಂಬಿಕೆಯೇ ಈಗ ಜೆಸಿಬಿಗೆ ದಾರಿ ಬಿಡುತ್ತಿತ್ತು.

ಭಾದ್ರಪದದಲ್ಲಿ ಜೆಸಿಬಿ ಬಂತು. ಮೊದಲ ದಿನ ಮೂರು ಹೊಂಗೆ ಮರ ಉರುಳಿದವು. ಕಡಿಯಲು ಊರವರು ಯಾರೂ ಒಪ್ಪದೆ ಹೊರಗಿನಿಂದ ಆಳುಗಳನ್ನು ಕರೆಸಿದ್ದರು. ಎರಡನೇ ದಿನ ಬಂಡೆಯ ಸುತ್ತ ಅಗೆದು ಕಬ್ಬಿಣ ಕಟ್ಟಲು ಶುರುಮಾಡಿದಾಗ ದೊಡ್ಡಮ್ಮ ಹೋಗಿ ಒರತೆಯ ಪಕ್ಕ ಕುಳಿತುಬಿಟ್ಟಳು. ನಾನೂ ಹೋದೆ. ಮಂಜಣ್ಣ ಓಡಿಬಂದ.

"ಅಮ್ಮ, ಹೂ ಆಯ್ತಲ್ಲ? ನೀನೇ ಎತ್ಕೊಟ್ಟೆಯಲ್ಲ?"

"ಆಯ್ತು. ನಾನು ಇಲ್ಲ ಅನ್ನಾಕಿಲ್ಲ. ಮನೆ ಕಟ್ಲಾ ಅಂದೆ, ಕಟ್ಟು ಅಂದ್ಲು. ನೆಲ ಮುಚ್ಲಾ ಅಂತ ಕೇಳಿದ್ಯಾ? ಕಣ್ಣಿನ ಸುತ್ತ ಸಿಮೆಂಟ್ ತುಂಬ್ಲಾ ಅಂತ ಕೇಳಿದ್ಯಾ? ಅದಕ್ಕೆ ಬೇರೆ ಹೂ ಇಡು. ಹೂಂ ಅಂದ್ರೆ ನಾನೇ ಎದ್ದೋಯ್ತೀನಿ."

ಮಂಜಣ್ಣ ಕಲ್ಲಿನ ಕಡೆ ನೋಡಿದ. ಕೆಲಸದವರ ಕಡೆ ನೋಡಿದ. ಗುಡಿ ಕಟ್ಟಿಸಲೆಂದು ಊರವರು ಮಾಡಿಕೊಂಡಿದ್ದ ಕಮಿಟಿಯವರೂ ಅಷ್ಟು ಹೊತ್ತಿಗೆ ಬಂದು ಸೇರಿದ್ದರು, ಅವರ ಕಡೆ ನೋಡಿದ. ಅವನಿಗೆ ಹೆದರಿಕೆಯಾಗಿದ್ದು ನನಗೆ ಸ್ಪಷ್ಟವಾಗಿ ಕಂಡಿತು. ಕೇಳಿದರೆ ಬೇಡ ಎಂದುಬಿಟ್ಟಾಳು ಎಂಬ ಹೆದರಿಕೆ. ದೇಣಿಗೆ ಬಂದಿತ್ತು, ಕೊಟ್ಟವರ ಹೆಸರುಗಳನ್ನು ಗ್ರಾನೈಟಿನ ಮೇಲೆ ಕೆತ್ತಲು ಆಗಲೇ ಹೇಳಿಯಾಗಿತ್ತು.

"ಒಂದ್ಸಲ ಕೇಳಿದ್ ಮೇಲೆ ಪದೇ ಪದೇ ಕೇಳ್ಬಾರ್ದು ಅಮ್ಮ. ಅಪಚಾರ ಆಗುತ್ತೆ" ಎಂದ.

"ಹಂಗಾದ್ರೆ ನಿನ್ನಿಷ್ಟ" ಎಂದು ದೊಡ್ಡಮ್ಮ ಎದ್ದಳು. "ಇವತ್ತಿಂದ ಇಲ್ಲಿ ದೀಪ ಹಚ್ಚಾಕೆ ಬೇರೆ ಯಾರನ್ನಾದ್ರೂ ನೋಡ್ಕೊ." ನನ್ನ ತೋಳು ಹಿಡಿದುಕೊಂಡು ಮನೆಗೆ ನಡೆದಳು. ಆ ವಯಸ್ಸಿನಲ್ಲೂ ಅವಳ ಹಿಡಿತ ನನ್ನ ತೋಳಿನಲ್ಲಿ ಗುರುತು ಬಿಡುವಷ್ಟು ಬಿಗಿಯಾಗಿತ್ತು.

ಕಾರ್ತಿಕದಲ್ಲಿ ಗುಡಿ ಪ್ರತಿಷ್ಠೆಯಾಯಿತು. ಚೆಂಡೆ, ಪೆಂಡಾಲು, ಸೀರಿಯಲ್ ಸೆಟ್ಟು, ಊಟ. ಹೊರಗಿನಿಂದ ಬಂದ ಅರ್ಚಕರೊಬ್ಬರು ಪೂಜೆಗೆ ನಿಂತರು. ಒಳ್ಳೆಯ ಮನುಷ್ಯ, ದೊಡ್ಡಮ್ಮ ಎದುರು ಸಿಕ್ಕರೆ ನಮಸ್ಕಾರ ಮಾಡುತ್ತಿದ್ದರು. ಏಳು ಕಲ್ಲುಗಳಿಗೂ ಬೆಳ್ಳಿ ಮುಖವಾಡ ಹಾಕಿದ್ದರು. ಒರತೆಯಿದ್ದ ಜಾಗದಲ್ಲಿ ಒಂದು ಸಣ್ಣ ಚೌಕ, ಅದರ ಮೇಲೆ ಸ್ಟೀಲ್ ಜಾಲರಿ. ಬಗ್ಗಿ ನೋಡಿದರೆ ಕೆಳಗೆ ಕತ್ತಲೆಯಲ್ಲಿ ನೀರು ಮಿನುಗುತ್ತಿತ್ತು. ಜನ ಜಾಲರಿಯ ಮೂಲಕ ನಾಣ್ಯ ಹಾಕುತ್ತಿದ್ದರು. ಯಾರೋ ಹಾಲಿನ ಪ್ಯಾಕೆಟ್ಟನ್ನೇ ತುರುಕಿದ್ದರು. ದೊಡ್ಡಮ್ಮ ಬರಲಿಲ್ಲ. ಮನೆಯ ಹಿತ್ತಿಲಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದಳು. ಪ್ರಸಾದ ತಂದುಕೊಟ್ಟರೆ ಕಣ್ಣಿಗೊತ್ತಿಕೊಂಡು ತಿಂದು ಮತ್ತೆ ಸುಲಿಯತೊಡಗಿದಳು.

ಅದೇ ಸುಮಾರಿಗೆ ನಮ್ಮ ಬಿಲ್ಡಿಂಗಿನ ಬೇಸ್‌ಮೆಂಟಿನಲ್ಲಿ ನೀರು ನಿಲ್ಲತೊಡಗಿತು. ಮಳೆಗಾಲದಲ್ಲಿ ಇಂಗಿದ ನೀರು ಎಂದು ಮಂಜಣ್ಣ ಮೋಟರು ಇಟ್ಟು ಎತ್ತಿಸಿದ. ಬೆಳಗ್ಗೆ ಎತ್ತಿದರೆ ಸಂಜೆಗೆ ಮತ್ತೆ ನಿಲ್ಲುತ್ತಿತ್ತು. ವಾಟರ್‌ಪ್ರೂಫಿಂಗ್‌ನವರು ಬಂದು ಗೋಡೆಗೆ ತೂತು ಕೊರೆದು ಏನೋ ತುಂಬಿದರು. ನೀರು ಪಕ್ಕದ ಮೂಲೆಯಿಂದ ಎದ್ದಿತು. ಆ ಮೂಲೆ ಮುಚ್ಚಿದರು. ಕಂಬದ ಬುಡದಿಂದ ಬಂತು. ಹುಡುಗಿಯರ ಸ್ಕೂಟರುಗಳನ್ನು ರಸ್ತೆಗೆ ಸಾಗಿಸಿದರು. ಮೋಟರಿನ ಸದ್ದು ದಿನವಿಡೀ. ಎತ್ತಿದ ನೀರೆಲ್ಲ ಬೀದಿಯ ಮೋರಿಗೆ.

ಸಂಕ್ರಾಂತಿ ಬಂತು, ಮಳೆ ಹೋಗಿ ಎಷ್ಟೋ ದಿನವಾಗಿತ್ತು. ಬೇಸ್‌ಮೆಂಟಿನ ನೀರು ನಿಲ್ಲಲಿಲ್ಲ. ಆದರೆ ಗುಡಿಯ ಜಾಲರಿಯ ಕೆಳಗೆ ನೀರು ಇಳಿಯುತ್ತ ಬಂದು, ಮಾಘದಲ್ಲಿ ಒಂದು ಬೆಳಗ್ಗೆ ಅರ್ಚಕರು ಕೊಡ ಇಳಿಬಿಟ್ಟರೆ ಠಣ್ ಎಂದು ಬಂಡೆಗೆ ಬಡಿಯಿತು. ಹೊರಗಿನ ಕಾಲುವೆಯಲ್ಲಿ ಮೀನುಗಳು ಸತ್ತು ಬಿದ್ದಿದ್ದವು. ಸುದ್ದಿ ಊರೆಲ್ಲ ಹಬ್ಬಿತು. ಆ ಮಧ್ಯಾಹ್ನ ನಾನು ಶಾಲೆಯಿಂದ ಬರುವಾಗ ದೊಡ್ಡಮ್ಮ ಬೇಸ್‌ಮೆಂಟಿಗೆ ಇಳಿಯುವ ರ‍್ಯಾಂಪಿನ ತುದಿಯಲ್ಲಿ ನಿಂತಿದ್ದಳು. ಮಂಜಣ್ಣ ಕೆಳಗೆ ಮೋಟರಿನ ಪೈಪು ಸರಿಮಾಡುತ್ತಿದ್ದ.

"ಸುಮಿ, ನನ್ ಕೈ ಹಿಡ್ಕೊ. ಕೆಳಕ್ಕೆ ಹೋಗಾಣ" ಎಂದಳು.

ಇಬ್ಬರೂ ಇಳಿದೆವು. ಟ್ಯೂಬ್‌ಲೈಟಿನ ಬೆಳಕಿನಲ್ಲಿ ನೀರು ಕಂಬಗಳ ನಡುವೆ ಹರಡಿತ್ತು. ಕೊಳಚೆಯ ಬಣ್ಣವಲ್ಲ, ನೆಲದ ಸಿಮೆಂಟಿನ ಗೆರೆ ಕಾಣುವಷ್ಟು ತಿಳಿ. ಒಂದು ಕಂಬದ ಬುಡದಲ್ಲಿ ಸಣ್ಣಗೆ ಮರಳು ಕುಣಿಯುತ್ತಿತ್ತು. ದೊಡ್ಡಮ್ಮ ಬಗ್ಗಿ ಬೊಗಸೆಯಲ್ಲಿ ನೀರು ತುಂಬಿ ಬಾಯಿಗೆ ಹಾಕಿಕೊಂಡಳು. ಬಾಯಲ್ಲೇ ಇಟ್ಟುಕೊಂಡು ನಿಂತಳು. ಆಮೇಲೆ ನುಂಗಿ, ಎರಡು ಹೆಜ್ಜೆ ಹಿಂದೆ ಬಂದು, ಕಾಲಿನ ಚಪ್ಪಲಿ ಬಿಟ್ಟಳು.

"ಮೋಟ್ರು ಆರ್ಸು ಮಂಜ."

"ಅಮ್ಮ, ಈಗ ತಾನೆ—"

"ಆರ್ಸು ಅಂದೆ."

ಸದ್ದು ನಿಂತಿತು. ಆಗ ನೀರಿನ ಸದ್ದು ಕೇಳಿಸಿತು, ಬಹಳ ಸಣ್ಣದು.

"ಹೊಂಗೆ ಬೇರಿನ ಒಗರು" ಎಂದಳು ದೊಡ್ಡಮ್ಮ. "ಹದಿನಾರನೇ ವಯಸ್ಸಿಗೆ ಈ ಮನೆಗೆ ಬಂದಾಗಿಂದ ಕುಡ್ದಿದ್ದೀನಿ. ನಂಗೆ ಗೊತ್ತಾಗಾಕಿಲ್ವಾ?" ಆಮೇಲೆ ಬೈಯುವ ದನಿಯಲ್ಲಲ್ಲ, ನಿಜವಾಗಿ ತಿಳಿಯಬೇಕೆಂಬ ದನಿಯಲ್ಲಿ ಕೇಳಿದಳು: "ಯಾವಾಗಿಂದ ಇವಳನ್ನ ಮೋರಿಗೆ ಬಿಡ್ತಿದ್ದೀಯ ಮಗ?"

ಮಂಜಣ್ಣನ ಕೈಯಲ್ಲಿ ಪೈಪು ಹಾಗೆಯೇ ಇತ್ತು. ಅವನು ನೀರಿನಲ್ಲೇ ಕುಕ್ಕರಗಾಲಲ್ಲಿ ಕುಳಿತುಬಿಟ್ಟ. ಅವನು ಕಾಲಿಗೆ ಗಂಬೂಟು ಹಾಕಿಕೊಂಡಿದ್ದ. ಕುಳಿತಲ್ಲೇ ಅವನ್ನು ಒಂದೊಂದಾಗಿ ಎಳೆದು ತೆಗೆದ. ಒಂದು ಸಿಕ್ಕಿಹಾಕಿಕೊಂಡು ಬೇಗ ಬರಲಿಲ್ಲ.

ಅದು ಅದೇ ನೀರು ಎನ್ನಲು ನನಗೆ ದೇವರು ಬೇಕಿರಲಿಲ್ಲ. ಮೇಲಿನ ದಾರಿ ಕಟ್ಟಿಹೋಯಿತು, ನೀರು ಇಳಿಜಾರಿನಲ್ಲಿ ಬೇರೆ ದಾರಿ ಹುಡುಕಿಕೊಂಡಿತು, ಅಷ್ಟೆ. ತರಗತಿಯಲ್ಲಿ ಚಿತ್ರ ಬರೆದು ತೋರಿಸಬಲ್ಲೆ. ಆದರೂ ನಾನು ಚಪ್ಪಲಿ ಬಿಟ್ಟಿದ್ದೆ. ಯಾವಾಗ ಬಿಟ್ಟೆನೋ ನನಗೇ ತಿಳಿಯಲಿಲ್ಲ.

ಮಂಜಣ್ಣ ಮಾರನೇ ದಿನವೇ ಕಮಿಟಿ ಸೇರಿಸಿದ. ಗುಡಿಯ ನೆಲ ಒಡೆದು ಒರತೆಯ ದಾರಿ ಬಿಡಿಸೋಣ ಎಂದ. ಯಾರೂ ಒಪ್ಪಲಿಲ್ಲ. ಪ್ರತಿಷ್ಠೆಯಾದ ಗುಡಿಯನ್ನು ಒಡೆಯುವುದು ಮಹಾಪಾಪ ಎಂದರು. ದೇಣಿಗೆ ಕೊಟ್ಟವರ ಹೆಸರಿದೆ, ಅದರ ಮೇಲೆ ಸುತ್ತಿಗೆ ಹಾಕಿಸುತ್ತೀಯಾ ಎಂದರು. ಬೋರ್‌ವೆಲ್ ಕೊರೆಸಿ ಜಾಲರಿಯ ಕೆಳಗೆ ನೀರು ಬಿಡೋಣ, ಭಕ್ತರಿಗೆ ಗೊತ್ತಾಗುವುದಿಲ್ಲ ಎಂದ ಒಬ್ಬ. ಮಂಜಣ್ಣ ಅವನ ಕೊರಳಪಟ್ಟಿಗೆ ಕೈಹಾಕಿದನಂತೆ. ಬಿಡಿಸಿ ಮನೆಗೆ ಕಳಿಸಿದರು.

ಅವನು ಬಂದು ಜಗುಲಿಯಲ್ಲಿ ಕುಳಿತು ತಲೆ ಹಿಡಿದುಕೊಂಡ. "ನಾನು ಏನು ಮಾಡ್ಬಿಟ್ಟೆ ಸುಮಿ? ಒಳ್ಳೇದೇ ಮಾಡಕ್ಕೋದ್ನಲ್ಲ. ಹರಕೆ ತೀರಿಸ್ಬೇಕಿತ್ತಲ್ಲ."

ಸಿಂಚನಾ ಬಾಗಿಲಲ್ಲಿ ನಿಂತಿದ್ದಳು. ಆ ಹುಡುಗಿ ಈ ವಿಷಯದಲ್ಲಿ ಒಂದು ದಿನವೂ ಬಾಯಿ ಬಿಟ್ಟಿರಲಿಲ್ಲ. "ಅಪ್ಪ, ನಾನು ಹುಷಾರಾದಾಗ ಅವಳಿಗೆ ಮನೆ ಇರ್ಲಿಲ್ಲ" ಎಂದಳು. "ಮನೆ ಇಲ್ದೇನೇ ಉಳಿಸಿದ್ಲಲ್ವಾ?"

ಆ ವಾರದಲ್ಲಿ ಮಂಜಣ್ಣ ಹಚ್ಚಿಕೊಂಡ ಕೆಲಸವನ್ನು ಊರು ಇವತ್ತಿಗೂ ಹುಚ್ಚು ಎಂದೇ ಆಡಿಕೊಳ್ಳುತ್ತದೆ. ಬೇಸ್‌ಮೆಂಟನ್ನೇ ಬಿಟ್ಟುಕೊಟ್ಟ. ಇಂಜಿನಿಯರನ್ನು ಕರೆಸಿ ಕಂಬಗಳಿಗೆ ತೊಂದರೆಯಾಗದ ಹಾಗೆ ಗುರುತು ಹಾಕಿಸಿ, ಹಳ್ಳದ ಕಡೆಯ ಗೋಡೆಯನ್ನು ಒಡೆಸಿದ. ಸಿಮೆಂಟು ನೆಲ ಕಿತ್ತು, ಗುಡಿಯ ಕೆಲಸದಲ್ಲಿ ಉಳಿದಿದ್ದ ಕಲ್ಲುಗಳನ್ನು ಕೂಡಿಸಿ ಹಳ್ಳದವರೆಗೆ ಒಂದು ಕಾಲುವೆ ಮಾಡಿಸಿದ. ಗಾಡಿ ನಿಲ್ಲಿಸಲು ಜಾಗವಿಲ್ಲವೆಂದು ಪಿ.ಜಿ.ಯ ಎಷ್ಟೋ ಹುಡುಗಿಯರು ಬಿಟ್ಟುಹೋದರು.

ದೊಡ್ಡಮ್ಮ ಬೆಳಗ್ಗೆ ಬೆಳಗ್ಗೆ ರ‍್ಯಾಂಪು ಇಳಿದು ಹೋಗಿ, ಕಂಬದ ಬುಡಕ್ಕೆ ಅರಿಶಿನ ಹಾಕಿ, ದೀಪ ಹಚ್ಚತೊಡಗಿದಳು. ನಾನು ಒಂದು ದಿನ, ಇಲ್ಲಿಗೂ ಏಳು ಕಲ್ಲು ತಂದಿಡೋಣವೇ ಎಂದು ಕೇಳಿದೆ.

"ಬ್ಯಾಡ ಕಣಮ್ಮ" ಎಂದಳು. "ಕಲ್ಲಿಟ್ರೆ ಇನ್ನೊಬ್ಬ ಬಂದು ಸೂರು ಕಟ್ತಾನೆ. ನೀರಿಗೇ ಕೈಮುಗಿಯಾಣ."

ಉಳಿದ ಹುಡುಗಿಯರಲ್ಲಿ ಯಾರೋ ಹೇಳಿರಬೇಕು, ಅವರೆಲ್ಲ ರ‍್ಯಾಂಪಿನ ತುದಿಯಲ್ಲಿ ಚಪ್ಪಲಿ ಬಿಡುವ ರೂಢಿ ಶುರುವಾಯಿತು. ಎಲ್ಲೆಲ್ಲಿಂದಲೋ ಬಂದವರು, ಅಕ್ಕಮ್ಮ ಯಾರೆಂದೂ ತಿಳಿಯದವರು. ಒಬ್ಬಳು ಪರೀಕ್ಷೆಗೆ ಹೋಗುವ ಮುಂಚೆ ಬಂದು ನೀರಿಗೆ ಕೈಮುಗಿದು ಹೋಗುತ್ತಿದ್ದಳು. ನನಗೆ ಸಂತೋಷವಾಗಬೇಕಿತ್ತು. ಆದರೆ ಮೇಲಿನ ಗುಡಿಯಲ್ಲಿ ಬೆಳ್ಳಿ ಮುಖವಾಡದ ಏಳು ಜನ ಬತ್ತಿದ ಬಂಡೆಯ ಮೇಲೆ ಕುಳಿತಿದ್ದರು, ಅಲ್ಲಿಗೆ ಮೊದಲಿಗಿಂತ ಹೆಚ್ಚು ಜನ ಬರುತ್ತಿದ್ದರು, ಕರ್ಪೂರದ ಹೊಗೆಯಲ್ಲಿ ಯಾರೂ ಕೆಳಗೆ ಬಗ್ಗಿ ನೋಡುತ್ತಿರಲಿಲ್ಲ. ಮೀನುಗಳಂತೂ ಮತ್ತೆ ಬರಲಿಲ್ಲ. ಯಾವ ನಂಬಿಕೆ ನೀರನ್ನು ಕಾಯುತ್ತದೆ, ಯಾವುದು ಕೊಲ್ಲುತ್ತದೆ ಎಂದು ನನ್ನನ್ನು ಕೇಳಿದರೆ, ಒಂದೇ ಮನೆಯ ಒಂದೇ ಊಟದ ಸಾಲಿನಲ್ಲಿ ಎರಡೂ ಕುಳಿತಿದ್ದವು ಎನ್ನುವುದಷ್ಟೇ ನನಗೆ ಗೊತ್ತು.

ಯುಗಾದಿಯ ಹೊತ್ತಿಗೆ ಬನಶಂಕರಿಯ ನಮ್ಮ ಮನೆ ಮುಗಿದಿತ್ತು. ನಾವು ಸಾಮಾನು ಕಟ್ಟಿದ ದಿನವೇ ಮಂಜಣ್ಣನ ಕಾಲುವೆಗೆ ಅಡ್ಡ ಉಳಿಸಿದ್ದ ಕೊನೆಯ ಮಣ್ಣಿನ ಕಟ್ಟು ಬಿಡಿಸುವುದಿತ್ತು. ದೊಡ್ಡಮ್ಮ ಅದಕ್ಕೆಂದೇ ಹೊಸ ಹಸಿರು ಬಳೆ ತೊಟ್ಟಿದ್ದಳು. ಮಂಜಣ್ಣ ಬರಿಗಾಲಲ್ಲಿ ಇಳಿದು ಸನಿಕೆಯಿಂದ ಮಣ್ಣು ಎಳೆದ. ಇಷ್ಟು ದಿನ ಕತ್ತಲಲ್ಲಿ ನಿಂತಿದ್ದ ನೀರು ಒಡೆದ ಗೋಡೆಯಿಂದ ಬಿಸಿಲಿಗೆ ಬಂತು. ಕಲ್ಲಿನ ಮೇಲೆ ಹರಿದು, ದಡದಿಂದ ಜಾರಿ, ಹಳ್ಳಕ್ಕೆ ಬಿತ್ತು. ನಾವೆಲ್ಲ ಬಗ್ಗಿ ನೋಡಿದೆವು. ಕಪ್ಪು ನೀರಿನ ಅಂಚಿನಲ್ಲಿ ತಿಳಿನೀರು ಸೀರೆಯ ಅಂಚಿನ ಹಾಗೆ ಬೇರೆಯಾಗಿಯೇ ಸ್ವಲ್ಪ ದೂರ ಹರಿಯಿತು. ಆಮೇಲೆ, ಕಾಲುಸೇತುವೆಯ ಹತ್ತಿರ, ಎಲ್ಲಿ ಬೆರೆಯಿತು ಎಂದು ತಿಳಿಯದ ಹಾಗೆ ಕಪ್ಪಾಯಿತು.

ಮಂಜಣ್ಣ ಸನಿಕೆ ಹಿಡಿದುಕೊಂಡು ತಾಯಿಯ ಮುಖ ನೋಡಿದ.

ದೊಡ್ಡಮ್ಮ ಸೆರಗು ಸಿಕ್ಕಿಸಿ ಹಳ್ಳದ ದಡದಲ್ಲೇ ಮೇಲಕ್ಕೆ, ಲೇಔಟುಗಳ ಕಡೆಗೆ ನೋಡುತ್ತ ನಿಂತಿದ್ದಳು. ಅಲ್ಲಿ ದಪ್ಪ ಪೈಪುಗಳ ಬಾಯಿಂದ ಕೊಳಚೆ ಸುರಿಯುತ್ತಲೇ ಇತ್ತು.

"ಆ ಪೈಪುಗಳು ಯಾರ್ಯಾರ ಮನೇವು, ಗೊತ್ತಾ ನಿಂಗೆ?" ಎಂದು ಕೇಳಿದಳು.

"ಗೊತ್ತು" ಎಂದ ಮಂಜಣ್ಣ. "ಯಾಕೆ?"

"ಹೋಗಿ ಬಾಗಿಲು ತಟ್ಟಾಣ" ಎಂದು ದೊಡ್ಡಮ್ಮ ಬರಿಗಾಲಲ್ಲೇ ನಡೆಯತೊಡಗಿದಳು. ಮಂಜಣ್ಣ ಸನಿಕೆ ಅಲ್ಲೇ ಬಿಟ್ಟು ಅವಳ ಹಿಂದೆ ಹೋದ. ನಮ್ಮ ಸಾಮಾನಿನ ಲಾರಿಯವನು ಹಾರನ್ ಹೊಡೆಯುತ್ತಿದ್ದ.